ಕಾಲಿಗೆ ತಕ್ಕ ಸೈಕಲು

ಅಂಗಿ ಹೊಲಿಸುವಾಗ ಅಳತೆ ಕೊಡುತ್ತೇವೆ. ಚಪ್ಪಲಿ ಕೊಳ್ಳುವಾಗ ಪಾದವಿಟ್ಟು ನೋಡುತ್ತೇವೆ. ವರ್ಷಗಟ್ಟಲೆ ತುಳಿಯಬೇಕಾದ ಸೈಕಲನ್ನು ಮಾತ್ರ ಅಂಗಡಿಯಲ್ಲಿ ಹೇಗಿತ್ತೋ ಹಾಗೆಯೇ ಮನೆಗೆ ತರುತ್ತೇವೆ. ಮಂಗಳೂರಿನ ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಏರುವ ರಸ್ತೆಯಲ್ಲಿ, ತೀರ ತಗ್ಗಾದ ಸೀಟಿನ ಮೇಲೆ ಕುಳಿತು ಏದುಸಿರು ಬಿಡುತ್ತ ತುಳಿಯುವ ವಿದ್ಯಾರ್ಥಿಯನ್ನು ಕಂಡಾಗಲೆಲ್ಲ, ದೋಷವು ಏರಿನದೋ ಸೀಟಿನದೋ ಎಂದು ನಾವು ಕೇಳಿಕೊಳ್ಳುವುದುಂಟು.

ಏರಿನ ಪಾಲನ್ನು ಲೆಕ್ಕ ಹಾಕಬಹುದು. ಸವಾರನೂ ಸೈಕಲೂ ಕೂಡಿ 70 ಕಿಲೋಗ್ರಾಂ ತೂಗಿದರೆ, 30 ಮೀಟರ್ ಎತ್ತರವನ್ನು ಏರಲು ಗುರುತ್ವಕ್ಕೆ ಎದುರಾಗಿ ಸುಮಾರು 20,600 ಜೌಲುಗಳಷ್ಟು ಕೆಲಸ ನಡೆಯಲೇಬೇಕು. ಸೀಟನ್ನು ಎಲ್ಲಿಟ್ಟರೂ ಇದರಲ್ಲಿ ಒಂದು ಜೌಲೂ ಕಡಮೆಯಾಗದು. ಆದರೆ ದೇಹವು ವ್ಯಯಿಸುವ ಶಕ್ತಿಯಲ್ಲಿ ನಾಲ್ಕೈದು ಪಾಲಿಗೆ ಒಂದು ಪಾಲು ಮಾತ್ರ ಪೆಡಲನ್ನು ಮುಟ್ಟುತ್ತದೆ, ಉಳಿದುದು ಶಾಖವಾಗುತ್ತದೆ. ಬೆವರು ಆರದ ನಮ್ಮ ಕರಾವಳಿಯಲ್ಲಿ ಈ ಶಾಖದ ಬಾಧೆಯನ್ನು ಅರಿಯದವರಾರು? ಈ ನಷ್ಟವನ್ನು ಹೆಚ್ಚಿಸುವುದೂ ತಗ್ಗಿಸುವುದೂ ಸೀಟಿನ ಎತ್ತರಕ್ಕೆ ಸಾಧ್ಯ.

ಕಾರಣವು ಸರಳವಾದುದು. ಕುಕ್ಕರುಗಾಲಿನಲ್ಲಿ ಕುಳಿತು ಏಳುವುದಕ್ಕೂ ಮೊಣಕಾಲನ್ನು ತುಸುವೇ ಬಾಗಿಸಿ ನೆಟ್ಟಗಾಗುವುದಕ್ಕೂ ಇರುವ ಅಂತರವನ್ನು ಓದುಗರು ತಾವೇ ಪರೀಕ್ಷಿಸಬಹುದು. ಕಾಲು ಅತಿಯಾಗಿ ಮಡಿಸಿದಾಗ ಪೆಡಲಿನ ಬಲದ ರೇಖೆಯು ಮೊಣಕಾಲಿನ ಕೀಲಿನಿಂದ ದೂರ ಸರಿಯುತ್ತದೆ. ಅಷ್ಟೇ ಬಲವನ್ನು ಒದಗಿಸಲು ತೊಡೆಯ ಸ್ನಾಯುವು ಹೆಚ್ಚು ಸೆಳೆಯಬೇಕಾಗುತ್ತದೆ. ಸೀಟು ತೀರ ಎತ್ತರವಾದರೂ ಕೇಡೇ. ಪೆಡಲನ್ನು ಮುಟ್ಟಲು ಸೊಂಟವು ಅತ್ತಿತ್ತ ಓಲಾಡುವುದು.

ಹಿಂದಿನವರು ಇದನ್ನು ಮರೆಯುವಂತಿರಲಿಲ್ಲ. ಆಳೆತ್ತರದ ಮುಂಚಕ್ರವಿದ್ದ ಹಳೆಯ ಸೈಕಲಿನಲ್ಲಿ ಪೆಡಲುಗಳು ಆ ಚಕ್ರಕ್ಕೇ ನೇರವಾಗಿ ಜೋಡಿಸಲ್ಪಟ್ಟಿದ್ದವು. ಆದುದರಿಂದ ಕಾಲನ್ನು ಅಳೆದೇ ಚಕ್ರವನ್ನು ಆರಿಸಬೇಕಾಗಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು ಸರಪಳಿಯಿಂದ ಹಿಂಚಕ್ರವನ್ನು ತಿರುಗಿಸುವ ‘ರೋವರ್’ ಸೈಕಲನ್ನು ಹೊರತಂದ ಬಳಿಕ ಆ ನಿರ್ಬಂಧ ತಪ್ಪಿತು. ಅದರೊಡನೆ ಕಾಲನ್ನು ಅಳೆಯುವ ಅಭ್ಯಾಸವೂ ತಪ್ಪಿತೆಂದು ತೋರುತ್ತದೆ.

ಅಳೆಯುವುದು ಕಷ್ಟವಲ್ಲ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು, ತೊಡೆಗಳ ಸಂದಿಗೆ ಒಂದು ಪುಸ್ತಕವನ್ನು ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಬೇಕು. 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು, ಕೆಳಗಿಳಿದ ಪೆಡಲಿನಿಂದ ಸೀಟಿನ ಮೇಲ್ಭಾಗಕ್ಕೆ ಈ ಅಳತೆಯ ನೂರಕ್ಕೆ 109ರಷ್ಟು ದೂರವಿರಬೇಕೆಂದು ಸೂಚಿಸಿದರು. ಕಾಲು 75 ಸೆಂಟಿಮೀಟರ್ ಇದ್ದರೆ ಆ ದೂರವು ಸುಮಾರು 82 ಸೆಂಟಿಮೀಟರ್. ಆದರೆ ಸೂತ್ರವು ಆರಂಭ ಮಾತ್ರ. ಪಾದದ ಮುಂಭಾಗದಿಂದ ತುಳಿದು ಪೆಡಲು ಕೆಳಗಿಳಿದಾಗ, ಮೊಣಕಾಲು ನೇರಗೆರೆಯಿಂದ 25ರಿಂದ 35 ಡಿಗ್ರಿಗಳಷ್ಟು ಬಾಗಿರುವಂತೆ ಸೀಟನ್ನು ಸ್ವಲ್ಪ ಸ್ವಲ್ಪವಾಗಿ ಸರಿಪಡಿಸಿಕೊಳ್ಳಬೇಕು. ಸೀಟಿನ ಕಂಬದ ಮೇಲಿರುವ ಗುರುತನ್ನು ಮೀರಿ ಏರಿಸಲಾಗದು.

ಕುಳಿತಲ್ಲಿಂದಲೇ ಕಾಲು ನೆಲಕ್ಕೆ ಊರದಿದ್ದರೆ ಬೀಳುವೆವೆಂಬ ಆಕ್ಷೇಪವುಂಟು. ಹೊಸದಾಗಿ ಕಲಿಯುವವರ ಮಟ್ಟಿಗೆ ಅದು ನ್ಯಾಯವಾದುದೇ. ಅವರ ಸೀಟು ತಗ್ಗಾಗಿಯೇ ಇರಲಿ. ಕಲಿತವರು ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು ಕಾಲೂರಬಹುದು.

ಕರ್ನಾಟಕ ಸರಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲು ಹಂಚುವ ಯೋಜನೆಯನ್ನು ಆರಂಭಿಸಿತು. ದೂರದಿಂದ ಬರುವ ಮಕ್ಕಳಿಗೆ ಅದು ಉಪಕಾರವೇ ಸರಿ. ಆದರೆ ಒಂದೇ ತರಗತಿಯ ಮಕ್ಕಳ ಕಾಲುಗಳು ಒಂದೇ ಅಳತೆಯವಲ್ಲ. ಆ ವಯಸ್ಸಿನಲ್ಲಿ ಅವು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೂ ಇರುತ್ತವೆ. ಆದುದರಿಂದ ಸೈಕಲು ಕೊಟ್ಟರೆ ಸಾಲದು, ಅದನ್ನು ಹೊಂದಿಸಿಯೂ ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಪ್ರತಿ ಶಾಲೆಯೂ ಒಂದು ಅಳತೆಪಟ್ಟಿಯನ್ನೂ ಒಂದು ಸ್ಪ್ಯಾನರನ್ನೂ ಇಟ್ಟುಕೊಂಡು, ವರ್ಷಕ್ಕೊಮ್ಮೆ ಭೌತಶಾಸ್ತ್ರದ ಒಂದು ಪಾಠವನ್ನು ಸೈಕಲುಗಳ ಬಳಿಯಲ್ಲಿಯೇ ನಡೆಸಲಿ. ಸನ್ನೆ, ಬಲ, ಕೆಲಸ, ಶಕ್ತಿ ಎಂಬ ಮಾತುಗಳನ್ನು ಕರಿಹಲಗೆಯಲ್ಲಿ ಮಾತ್ರ ಕಂಡ ವಿದ್ಯಾರ್ಥಿಯು, ಅಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅವನ್ನು ತನ್ನ ಕಾಲಿನಲ್ಲಿಯೇ ಅರಿತುಕೊಳ್ಳುವನು.