ಉದ್ಯಾನದಲ್ಲಿ ನಾಯಿಯ ಹಗ್ಗ: ಕೋಲಾರದ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಜಿಲ್ಲಾಧಿಕಾರಿಗಳ ಸನ್ನಿಧಿಗೆ, ಮಾಲೂರಿನ ನಿವಾಸಿಯೊಬ್ಬನ ವಿನಯಪೂರ್ವಕ ವಿಜ್ಞಾಪನೆ.

ಕೆರೆಗಳು, ಕುಡಿಯುವ ನೀರು, ಬೆಳೆ, ಭೂಮಿ ಮೊದಲಾದ ಗುರುತರ ಚಿಂತೆಗಳು ಈ ಬಯಲುಸೀಮೆಯ ಜಿಲ್ಲೆಯ ಆಡಳಿತವನ್ನು ಸದಾ ಆವರಿಸಿಕೊಂಡಿರುವಾಗ, ಬಡಾವಣೆಯ ಪಾರ್ಕಿನಲ್ಲಿ ಸಾಕುನಾಯಿಗೆ ಹಗ್ಗವಿರಬೇಕೆ ಬೇಡವೆ ಎಂಬ ಪ್ರಶ್ನೆಯನ್ನು ತಮ್ಮ ಮುಂದಿಡುವುದು ಕ್ಷುಲ್ಲಕವೆಂದು ಯಾರಿಗಾದರೂ ತೋರಬಹುದು. ಆದರೆ ಅಕ್ಕಪಕ್ಕದ ಮನೆಯವರು ಪರಸ್ಪರ ಮಾತು ಬಿಡುವುದಕ್ಕೂ, ವೃದ್ಧರು ಸಂಜೆಯ ನಡಿಗೆಯನ್ನೇ ತೊರೆಯುವುದಕ್ಕೂ, ಕೊನೆಗೆ ಏನೂ ಅರಿಯದ ಪ್ರಾಣಿ ಕಲ್ಲೇಟು ತಿನ್ನುವುದಕ್ಕೂ ಕಾರಣವಾಗುವ ವಿವಾದವು, ಯಾರೂ ಅದನ್ನು ಇತ್ಯರ್ಥಗೊಳಿಸದೆ ಇರುವುದರಿಂದಲೇ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆಂಬುದನ್ನು ಕಂಡಿರುವ ನನಗೆ ಇದು ಕ್ಷುಲ್ಲಕವೆಂದು ತೋರುವುದಿಲ್ಲ.

ಇಟ್ಟಿಗೆ ಮತ್ತು ಹೆಂಚುಗಳಿಗೆ ಹೆಸರಾಗಿದ್ದ ಮಾಲೂರು, ಕೈಗಾರಿಕಾ ಪ್ರದೇಶ ಬಂದ ಮೇಲೆ, ಬೆಂಗಳೂರಿನ ಬೆಳವಣಿಗೆ ಇತ್ತ ಚಾಚಿದ ಮೇಲೆ, ಬೇರೆಯೇ ಊರಾಗುತ್ತಿದೆ. ಹಳ್ಳಿಯ ಮನೆಯ ನಾಯಿಗೆ ಹಿತ್ತಲುಂಟು, ಕಣವುಂಟು, ರಾಗಿಯ ಹೊಲವುಂಟು. ಅದಕ್ಕೆ ಹಗ್ಗ ಬೇಕೆಂಬ ಯೋಚನೆಯೇ ಯಾರಿಗೂ ಬರುವುದಿಲ್ಲ. ಮೂವತ್ತು ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆಯ ನಾಯಿಗಾದರೋ ಓಡಲು ಉಳಿದಿರುವುದು ಬಡಾವಣೆಯ ನಕ್ಷೆಯಲ್ಲಿ ಉದ್ಯಾನವೆಂದು ಬಿಟ್ಟ ತುಂಡು ನೆಲವೊಂದೇ. ಮತ್ತು ಅದೇ ತುಂಡು ನೆಲವೇ ಮಕ್ಕಳ ಆಟದ ಬಯಲು, ಮುದುಕರ ಕಟ್ಟೆ, ಮನೆಗೆಲಸ ಮುಗಿಸಿ ಬಂದ ಹೆಂಗಸರು ಅರೆಗಳಿಗೆ ಕುಳಿತುಕೊಳ್ಳುವ ಜಾಗ.

ಅಲ್ಲಿ ನಡೆಯುವುದೇನೆಂಬುದನ್ನು ನಾನು ಕಂಡಂತೆ ನಿವೇದಿಸುತ್ತೇನೆ. ಕೊರಳಪಟ್ಟಿಯಿಂದ ಕೊಂಡಿ ಕಳಚಿದೊಡನೆ ನಾಯಿ ಹುಲ್ಲಿನ ಮೇಲೆ ಬಾಣದಂತೆ ಹಾರುತ್ತದೆ. ಎದುರಿಗೆ ಬರುತ್ತಿದ್ದ ವೃದ್ಧೆ ಕಲ್ಲುಹಾಸಿನಿಂದ ಕೆಳಗಿಳಿದು, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ, ಮೊಮ್ಮಗುವಿನ ರಟ್ಟೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬೇಲಿಗೆ ಒರಗಿ ನಿಲ್ಲುತ್ತಾಳೆ. ದೂರದಿಂದ ಯಜಮಾನನು, ‘ಏನೂ ಮಾಡಲ್ಲಮ್ಮ, ಸುಮ್ನೆ ಆಟ ಆಡುತ್ತೆ’ ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಅವನ ಮನೆಯಲ್ಲಿ ಅದು ಎಂದೂ ಏನೂ ಮಾಡಿಲ್ಲ. ಆದರೆ ಆ ವೃದ್ಧೆಗೆ ಅವನ ಮನೆಯ ವೃತ್ತಾಂತ ತಿಳಿಯದು. ಅವಳಿಗೆ ತಿಳಿದಿರುವುದು ನಾಯಿ ಕಚ್ಚಿದರೆ ಮೊದಲ ದಿನ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಎಂದು ಚುಚ್ಚುಮದ್ದಿಗಾಗಿ ಆಸ್ಪತ್ರೆಗೆ ಅಲೆಯಬೇಕೆಂಬುದು, ಕೂಲಿಯವನಾದರೆ ಅಷ್ಟು ದಿನದ ಕೂಲಿ ಹೋಗುವುದೆಂಬುದು, ರೇಬಿಸ್ ಒಮ್ಮೆ ತಲೆದೋರಿದರೆ ಬದುಕುವುದು ಇಲ್ಲವೆಂಬಷ್ಟು ವಿರಳವೆಂಬುದು. ಅವಳ ಭಯವನ್ನು ಅಜ್ಞಾನವೆಂದು ಕರೆಯುವುದು ಅನ್ಯಾಯ.

ಅಷ್ಟೇ ಅನ್ಯಾಯವಾದುದು, ಆ ಭಯದ ಹೆಸರಿನಲ್ಲಿ ‘ನಾಯಿಗಳಿಗೆ ಪ್ರವೇಶವಿಲ್ಲ’ ಎಂಬ ಫಲಕವನ್ನು ಗೇಟಿಗೆ ತೂಗುಹಾಕಿ ಕೈತೊಳೆದುಕೊಳ್ಳುವುದು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 2022ರ ಜೂನ್ ತಿಂಗಳಲ್ಲಿ ಇಂಥದೇ ಪ್ರಸಂಗ ಒದಗಿತು. ನಾಯಿಗಳನ್ನು ಬಿಚ್ಚಿ ಬಿಡುತ್ತಾರೆ, ಮಲವನ್ನು ಎತ್ತದೆ ಹೋಗುತ್ತಾರೆ ಎಂದು ಬಂದ ದೂರುಗಳಿಂದ ಬೇಸತ್ತ ತೋಟಗಾರಿಕೆ ಇಲಾಖೆ, ಸಾಕುನಾಯಿಗಳ ಪ್ರವೇಶವನ್ನೇ ನಿಷೇಧಿಸಲು ಮುಂದಾಯಿತು. ನಾಯಿ ಸಾಕಿದವರು ಪ್ರಬಲವಾಗಿ ವಿರೋಧಿಸಿದರು. ನಿಷೇಧ ಕಾರ್ಯಗತವಾಗದೆ ನಿಂತಿತು. ಹಗ್ಗದ ನಿಯಮವನ್ನು ದಿನದಿನವೂ ಪಾಲಿಸುವಂತೆ ಮಾಡಿದ್ದರೆ ನಿಷೇಧದ ಮಾತೇ ಏಳುತ್ತಿರಲಿಲ್ಲವೆಂಬುದು ಆ ಪ್ರಕರಣದಿಂದ ನಾನು ಗ್ರಹಿಸಿದ ತಾತ್ಪರ್ಯ. ನಾಯಿ ಹಗ್ಗವಿಲ್ಲದೆ ಓಡಾಡಲೆಂದೇ ಬೇಲಿ ಹಾಕಿದ ಪ್ರತ್ಯೇಕ ಆವರಣವೂ ಅದೇ ಉದ್ಯಾನದಲ್ಲುಂಟೆಂಬುದನ್ನು ಇಲ್ಲಿ ಸ್ಮರಿಸಬೇಕು.

ಆ ಉದ್ಯಾನದ ಮಗ್ಗುಲಲ್ಲೇ ಇರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದುದು ಆತಕೂರಿನ ಶಿಲಾಶಾಸನ. ಗಂಗರ ಇಮ್ಮಡಿ ಬೂತುಗನು ಮೆಚ್ಚಿ ಏನು ಬೇಕೆಂದು ಕೇಳಿದಾಗ, ಮಣಲೇರನೆಂಬ ವೀರನು ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯೊಡನೆ ಹೋರಾಡಿ ಅದು ಮಡಿದಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಯಾಗಿ ಬಿಟ್ಟರು. ಹತ್ತನೆಯ ಶತಮಾನದಲ್ಲಿಯೇ ನಾಯಿಯೊಂದಕ್ಕೆ ಇಂತಹ ಗೌರವ ಸಲ್ಲಿಸಿದ ನಾಡಿನಲ್ಲಿ, ನಾಯಿ ಸಾಕುವುದು ನಗರದವರ ಹೊಸ ಶೋಕಿಯೆಂದು ಜರೆಯುವವರ ಮಾತಿಗೆ ಆಧಾರವಿಲ್ಲ.

ಕಾನೂನಿನ ನಿಲವೂ ಮಧ್ಯಮಮಾರ್ಗದ್ದೇ. ಸಾಕಿದ ಪ್ರಾಣಿಯಿಂದ ಮನುಷ್ಯರಿಗೆ ಅಪಾಯ ತಟ್ಟದಂತೆ ತಕ್ಕ ಎಚ್ಚರ ವಹಿಸದಿರುವುದು ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣದಂತೆ ದಂಡನೀಯ ಅಪರಾಧ. ಅತ್ತ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ನಿವಾಸಿಗಳ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸಲಾಗದೆಂದು ಹೇಳಿ, ಉದ್ಯಾನದ ಮಟ್ಟಿಗೆ ಪರಸ್ಪರ ಒಪ್ಪಿಗೆಯಿಂದ ವೇಳೆ ಗೊತ್ತುಮಾಡಿಕೊಳ್ಳುವ ಉಪಾಯವನ್ನು ಸೂಚಿಸುತ್ತದೆ. ಬೀದಿನಾಯಿಗಳ ವಿಷಯ ಬೇರೆ. ಅವುಗಳಿಗೆ ಸಂತಾನಹರಣ ಮತ್ತು ಲಸಿಕೆಯ ಕ್ರಮವನ್ನು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ವಿಧಿಸಿವೆ. 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು ಆಹಾರ ಹಾಕಲು ಪ್ರತ್ಯೇಕ ಸ್ಥಳಗಳನ್ನು ಗೊತ್ತುಮಾಡಬೇಕೆಂದು ಆಜ್ಞಾಪಿಸಿತು. ಸಾಕುನಾಯಿ, ಬೀದಿನಾಯಿ ಎರಡನ್ನೂ ಒಂದೇ ದೂರಿನಲ್ಲಿ ಬೆರೆಸುವುದರಿಂದಲೇ ನಮ್ಮ ಸಭೆಗಳು ಗದ್ದಲದಲ್ಲಿ ಮುಗಿಯುತ್ತವೆ.

ಆದುದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟು. ಕರ್ನಾಟಕ ಪುರಸಭೆಗಳ ಅಧಿನಿಯಮ, 1964, ಉಪವಿಧಿಗಳನ್ನು ರಚಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಮತ್ತು ಕೋಲಾರದ ಉದ್ಯಾನಗಳಿಗೆ ಅನ್ವಯಿಸುವಂತೆ, ಸಾಕುನಾಯಿಯನ್ನು ಗಿಡ್ಡ ಹಗ್ಗದಲ್ಲಿ, ಅದನ್ನು ತಡೆದು ನಿಲ್ಲಿಸಬಲ್ಲ ವಯಸ್ಕನ ಕೈಯಲ್ಲಿಯೇ ತರತಕ್ಕದ್ದೆಂದೂ, ಮಲವನ್ನು ತಂದವರೇ ಎತ್ತತಕ್ಕದ್ದೆಂದೂ, ಮಕ್ಕಳ ಆಟದ ಜಾಗಕ್ಕೆ ನಾಯಿಯನ್ನು ಒಯ್ಯಕೂಡದೆಂದೂ ಸ್ಪಷ್ಟ ಕನ್ನಡದಲ್ಲಿ ಒಂದು ನಿಯಮವಾಗಲಿ. ಜಾಗವಿರುವ ಕಡೆ ಒಂದು ಮೂಲೆಗೆ ತಂತಿಬೇಲಿ ಹಾಕಿ ಹಗ್ಗ ಬಿಚ್ಚಲು ಅವಕಾಶವಾಗಲಿ. ಬೆಳಗಿನ ಯಾವ ವೇಳೆ ಯಾರದೆಂಬುದನ್ನು ಆಯಾ ಬಡಾವಣೆಯವರೇ ಕೂತು ತೀರ್ಮಾನಿಸಲಿ. ಹಗ್ಗವೇ ಕ್ರೌರ್ಯವೆನ್ನುವ ಮಿತ್ರರಿಗೆ ನನ್ನ ಉತ್ತರ, ಹಗ್ಗವಿರುವ ತನಕ ಮಾತ್ರವೇ ನಾಯಿಗೆ ಉದ್ಯಾನದಲ್ಲಿ ಸ್ಥಾನವುಂಟೆಂಬುದು. ಅದು ಹೋದ ದಿನ ಬರುವುದು ನಿಷೇಧವೇ.

ನಿಯಮ ಮಾಡುವ ಮುನ್ನ ನಾಯಿ ಸಾಕಿದವರನ್ನೂ, ನಾಯಿಗೆ ಅಂಜುವವರನ್ನೂ, ಪಾರ್ಕು ಗುಡಿಸುವ ಪೌರಕಾರ್ಮಿಕರನ್ನೂ, ಪಶುವೈದ್ಯರನ್ನೂ ಒಂದೇ ಸಭೆಗೆ ಕರೆಸಿ ಕೇಳಬೇಕೆಂದು ಕೋರುತ್ತೇನೆ. ಬೇಸಗೆಯ ರಜೆಗೆ ಶಾಲೆಗಳು ಮುಚ್ಚಿ ಮಕ್ಕಳು ಉದ್ಯಾನಗಳನ್ನು ತುಂಬುವುದಕ್ಕೆ ಮೊದಲೇ ಆ ಸಭೆ ನಡೆಯುವಂತಾಗಲಿ.

ಇಂತು ತಮ್ಮ ವಿಧೇಯ,
ಮಾಲೂರಿನ ಒಬ್ಬ ನಿವಾಸಿ