ಗುಡ್ಡದ ಪಾಠ ಬಯಲಿಗೆ

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಕಾಲುದಾರಿಯ ಮೇಲೆ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ನಿಂತ ಜನರ ಸಾಲನ್ನು ಮೊಬೈಲಿನಲ್ಲಿ ನೋಡದವರು ಕಡಿಮೆ. ತೇರು ಎಳೆಯುವ ಹೊತ್ತಿನ ಜಾತ್ರೆಯಷ್ಟು ಮಂದಿ ಕುಕ್ಕೆ ಸುಬ್ರಹ್ಮಣ್ಯದ ಮೇಲಿನ ಆ ಕಾಡಿನ ಕಿರುದಾರಿಯಲ್ಲಿ ಸೇರಿದ್ದರು. ಬಳಿಕ ಅರಣ್ಯ ಇಲಾಖೆ ಚಾರಣವನ್ನೇ ತಡೆದು, ಮುಂಗಡವಾಗಿ ಆನ್‌ಲೈನಿನಲ್ಲಿ ಹೆಸರು ಬರೆಸಿದವರನ್ನು ಮಾತ್ರ ದಿನಕ್ಕಿಷ್ಟು ಜನ ಎಂಬ ಲೆಕ್ಕದಲ್ಲಿ ಬಿಡುವ ಪದ್ಧತಿ ತಂದಿತು. ಅದೇ ವರ್ಷ ಮೇ ತಿಂಗಳಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಊಟಿ, ಕೊಡೈಕೆನಾಲ್‌ಗೆ ಹೋಗಲು ಇ-ಪಾಸ್ ಬೇಕಾಯಿತು. ಮರುವರ್ಷ ಮುಳ್ಳಯ್ಯನಗಿರಿ ಹತ್ತುವ ವಾಹನಗಳಿಗೂ ಮಿತಿ ಬಂತು. ಬೆಟ್ಟಗಳು ಒಂದೊಂದಾಗಿ ‘ಇನ್ನು ಸಾಕು’ ಎನ್ನುತ್ತಿವೆ.

ಅಣ್ಣಿಗೇರಿಯಲ್ಲಿ ಕೂತು ಬೆಟ್ಟದ ಮಾತು ಯಾಕೆ ಎಂದು ಯಾರಾದರೂ ಕೇಳಬಹುದು. ನಮ್ಮದು ಎರೆ ಹೊಲದ ಸೀಮೆ. ಕಣ್ಣು ಹಾಯುವಷ್ಟು ದೂರ ಕಡಲೆ, ಬಿಳಿಜೋಳ, ಹತ್ತಿ, ಮೆಣಸಿನಕಾಯಿ. ಆದರೆ ಆ ಬೆಟ್ಟದ ಸಾಲಿನಲ್ಲಿ ನಮ್ಮ ಹುಡುಗರೂ ಇರುತ್ತಾರೆ. ಶನಿವಾರ ರಾತ್ರಿ ಕ್ರೂಸರ್ ಮಾಡಿಕೊಂಡು ಹೊರಟು, ಭಾನುವಾರವೆಲ್ಲ ಟ್ರಾಫಿಕ್ಕಿನಲ್ಲಿ ಕಳೆದು, ಸೋಮವಾರ ಬೆಳಗ್ಗೆ ಕೆಂಪು ಕಣ್ಣಿನಲ್ಲಿ ಅಂಗಡಿ ಬಾಗಿಲು ತೆರೆಯುವವರನ್ನು ನಾನು ಬಲ್ಲೆ. ಅವರಿಗೆ ಗುಡ್ಡ ಸಿಗಲಿಲ್ಲ, ಗುಡ್ಡದವರಿಗೆ ಇವರಿಂದ ಸಿಕ್ಕಿದ್ದು ಪ್ಲಾಸ್ಟಿಕ್ ಬಾಟಲಿ ಮತ್ತು ಥರ್ಮಾಕೋಲ್ ತಟ್ಟೆ. ಹೋದವರಿಗೂ ಖುಷಿಯಿಲ್ಲ, ಇದ್ದವರಿಗೂ ನೆಮ್ಮದಿಯಿಲ್ಲ. ವರ್ಷದ ಕೊನೆಗೆ ಮಾತ್ರ ಇಷ್ಟು ಲಕ್ಷ ಪ್ರವಾಸಿಗರು ಬಂದರು ಎಂಬ ಅಂಕಿ ದೊಡ್ಡದಾಗಿರುತ್ತದೆ. ಅದನ್ನೇ ಬೆಳವಣಿಗೆ ಎಂದು ಕರೆಯುತ್ತಿದ್ದೇವೆ.

ಇತ್ತ ಅಣ್ಣಿಗೇರಿಯ ಅಮೃತೇಶ್ವರ ಗುಡಿ. ಕ್ರಿ.ಶ. 1050ರ ಸುಮಾರಿಗೆ ಕಟ್ಟಿದ್ದು, 76 ಕಂಬಗಳದ್ದು. ಬಾದಾಮಿ, ಐಹೊಳೆಗಳಲ್ಲಿ ಮರಳುಗಲ್ಲಿನಲ್ಲಿ ಕಟ್ಟುತ್ತಿದ್ದ ಕಾಲ ಮುಗಿದು, ಈ ಭಾಗದ ಶಿಲ್ಪಿಗಳು ಬಳಪದ ಕಲ್ಲಿಗೆ ಕೈ ಹಾಕಿದಾಗಿನ ಮೊದಲ ದೊಡ್ಡ ಕೆಲಸಗಳಲ್ಲಿ ಇದೊಂದು. ಲಕ್ಕುಂಡಿಯ ಕಾಶಿ ವಿಶ್ವನಾಥ, ಇಟಗಿಯ ಮಹಾದೇವ ಗುಡಿಗಳ ನಯಗಾರಿಕೆ ಇಲ್ಲಿಂದ ಮುಂದುವರಿದದ್ದು. ಒಳಗೆ ಕಾಲಿಟ್ಟು ಯಾವುದಾದರೊಂದು ಕಂಬದ ಬಳಿ ನಿಲ್ಲಿ. ತಿರುಗಣಿಗೆ ಹಾಕಿ ಕಡೆದ ಹಾಗೆ ಒಂದರ ಮೇಲೊಂದು ದುಂಡನೆಯ ಬಳೆಗಳು, ನಡುವೆ ಚೂರಿಯ ಅಲಗಿನಷ್ಟು ತೆಳ್ಳನೆಯ ಅಂಚುಗಳು. ಬಾಗಿಲ ಕಡೆಯ ಬೆಳಕು ಬಿದ್ದಾಗ ಕಪ್ಪು ಕಲ್ಲಿನ ಮೈಮೇಲೆ ಸಣ್ಣದೊಂದು ಹೊಳಪು ಏಳುತ್ತದೆ. ಹೊರಗೆ ಗೋಡೆಯ ಮೇಲೆ ಗುಡಿಯ ಶಿಖರದ್ದೇ ಚಿಕ್ಕ ಚಿಕ್ಕ ಪ್ರತಿರೂಪಗಳನ್ನು ಕೆತ್ತಿದ್ದಾರೆ. ಯಾರಾದರೂ ಬೆರಳು ತೋರಿಸಿ ಹೇಳದಿದ್ದರೆ ಅದು ಬರೀ ಅಲಂಕಾರವೆಂದು ದಾಟಿ ಹೋಗುತ್ತೇವೆ. ಹೇಳಿದರೆ ಅರ್ಧ ಗಂಟೆ ಅಲ್ಲೇ ನಿಲ್ಲುತ್ತೇವೆ.

ಈ ಊರು ಬೆಳ್ವೊಲ ಮುನ್ನೂರು ನಾಡಿನ ಮುಖ್ಯ ಪಟ್ಟಣವಾಗಿತ್ತು. ಕಲ್ಯಾಣ ಚಾಲುಕ್ಯರ ಕೊನೆಯ ಅರಸ ನಾಲ್ವಡಿ ಸೋಮೇಶ್ವರ ಕೆಲಕಾಲ ರಾಜ್ಯವಾಳಿದ್ದು ಇಲ್ಲಿಂದ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳೆಂದು ಪಂಪನ ತಮ್ಮ ಜಿನವಲ್ಲಭ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಪಾರ್ಶ್ವನಾಥ ಬಸದಿ ಇದೆ. ಗದಗಿನ ತ್ರಿಕೂಟೇಶ್ವರ, ವೀರನಾರಾಯಣ, ಅದರಾಚೆ ಲಕ್ಕುಂಡಿ, ಡಂಬಳದ ದೊಡ್ಡಬಸಪ್ಪ, ದಕ್ಷಿಣಕ್ಕೆ ಲಕ್ಷ್ಮೇಶ್ವರದ ಸೋಮೇಶ್ವರ, ನೈರುತ್ಯಕ್ಕೆ ಕುಂದಗೋಳದ ಶಂಭುಲಿಂಗ. ಒಂದೆರಡು ದಿನದಲ್ಲಿ ಅವಸರವಿಲ್ಲದೆ ನೋಡಿ ಮುಗಿಸಬಹುದಾದ ಸುತ್ತು. ಗೋವಾದಿಂದ ಹಂಪಿಗೆ ಹೋಗುವವರ ದಾರಿಯೂ ನಮ್ಮೂರ ಮೇಲೆಯೇ. ಹುಬ್ಬಳ್ಳಿ–ಗದಗ ರಸ್ತೆಯಲ್ಲೂ ರೈಲಿನಲ್ಲೂ ದೇಶ-ವಿದೇಶದ ಪ್ರವಾಸಿಗರು ಈ ಊರನ್ನು ದಾಟಿ ಹೋಗುತ್ತಾರೆ. ಇಳಿಯುವವರು ಬೆರಳೆಣಿಕೆಯಷ್ಟು.

ಯಾಕೆ ಇಳಿಯುವುದಿಲ್ಲ? ಪ್ರಚಾರ ಸಾಲದು, ಬೋರ್ಡು ಹಾಕಬೇಕು, ರೀಲ್ಸ್ ಮಾಡಿಸಬೇಕು ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಟೂರಿಸ್ಟ್ ಗಾಡಿ ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವವನು ಬಹುಪಾಲು ಸಲ ಡ್ರೈವರ್. ಹೆಣ್ಣುಮಕ್ಕಳು, ವಯಸ್ಸಾದವರು ಗಾಡಿಯಲ್ಲಿದ್ದಾಗ ಅವನು ಮೊದಲು ನೆನೆಸಿಕೊಳ್ಳುವುದು ಚೊಕ್ಕಟ ಶೌಚಾಲಯವನ್ನು. ಆಮೇಲೆ ಹೊಟ್ಟೆ ಕೆಡದ ಊಟ, ಆಮೇಲೆ ನೆರಳಲ್ಲಿ ಗಾಡಿ ಹಚ್ಚಲು ಜಾಗ. ರಾತ್ರಿ ತಂಗುವುದಾದರೆ ತನಗೂ ಕಾಲು ಚಾಚಲು ಒಂದು ಮಂಚ. ಈ ನಾಲ್ಕು ಇರುವ ಊರನ್ನು ಅವನು ತಾನಾಗಿ ಪ್ರಚಾರ ಮಾಡುತ್ತಾನೆ. ಇಲ್ಲದ ಊರಿನಲ್ಲಿ ಎಂಥ ಶಿಲ್ಪವಿದ್ದರೂ ‘ಅಲ್ಲೇನೂ ಇಲ್ರಿ, ಮುಂದ ಹೋಗೂಣು’ ಎಂದು ಗೇರು ಬದಲಿಸುತ್ತಾನೆ. ಅವನ ಮಾತಿನಲ್ಲಿ ತಪ್ಪಿಲ್ಲ. ಹತ್ತು ಶತಮಾನದ ಗುಡಿಯನ್ನು ನೋಡುವ ಮನಸ್ಸು ಬರಬೇಕಾದರೆ ಮೊದಲು ದೇಹಕ್ಕೆ ಸಮಾಧಾನವಿರಬೇಕು. ಇದನ್ನು ಸಣ್ಣ ಮಾತೆಂದು ತಳ್ಳಿಹಾಕಿದ್ದರಿಂದಲೇ ನಮ್ಮ ಸೀಮೆಯ ಪ್ರವಾಸೋದ್ಯಮ ಭಾಷಣದಲ್ಲಿ ಉಳಿದಿದೆ.

ಇದಕ್ಕೆ ವಿರುದ್ಧ ದಿಕ್ಕಿನ ಅಪಾಯವೂ ಇದೆ, ಅದನ್ನು ತೋರಿಸಿಕೊಟ್ಟದ್ದು ಹಂಪಿ. ಅಲ್ಲಿ ಜನ ಮೊದಲು ಬಂದರು, ವ್ಯವಸ್ಥೆ ಆಮೇಲೆ ಹುಟ್ಟಿಕೊಂಡಿತು, ನಿಯಮ ಎಲ್ಲಕ್ಕಿಂತ ಕೊನೆಗೆ ಎಚ್ಚೆತ್ತಿತು. 2011ರಲ್ಲಿ ಹಂಪಿ ಬಜಾರದ ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವು ಮಾಡಿದರು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ನೆಲಕ್ಕುರುಳಿದವು. ಸ್ಮಾರಕ ಉಳಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಾಲ ಮಾಡಿ ಎರಡು ಕೋಣೆ ಕಟ್ಟಿಕೊಂಡವನಿಗೂ, ಪ್ಯಾನ್‌ಕೇಕ್ ಸುಡುವುದನ್ನು ಕಲಿತ ಹೆಣ್ಣುಮಗಳಿಗೂ ಮೊದಲೇ ಯಾರಾದರೂ ಕೂಡಿಸಿ, ಇಲ್ಲಿ ಕಟ್ಟಬಹುದು, ಇಲ್ಲಿ ಕೂಡದು ಎಂದು ಹೇಳಿದ್ದರೆ ಅಷ್ಟು ಮನೆಗಳು ಬೀದಿಗೆ ಬರುತ್ತಿರಲಿಲ್ಲ. ಅಮೃತೇಶ್ವರ ಗುಡಿಯೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಸುತ್ತ 100 ಮೀಟರ್ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ಅನುಮತಿ ಬೇಕು. ನಮ್ಮ ಊರಿನಲ್ಲಿ ಇನ್ನೂ ಜನಜಂಗುಳಿ ಬಂದಿಲ್ಲ, ಆದ್ದರಿಂದ ಹಂಪಿಯವರಿಗೆ ಸಿಗದ ಕಾಲಾವಕಾಶ ನಮಗೆ ಸಿಕ್ಕಿದೆ.

ಹಿಮಾಲಯದ ಎರಡು ದೇಶಗಳು ಈ ಲೆಕ್ಕವನ್ನು ನಮಗಿಂತ ಮೊದಲೇ ಹಾಕಿವೆ. 1974ರಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆದ ಭೂತಾನ್ ಅಂದಿನಿಂದಲೂ ಕಡಿಮೆ ಜನ ಬರಲಿ, ಬಂದವರಿಂದ ದೇಶಕ್ಕೆ ಹೆಚ್ಚು ಉಳಿಯಲಿ ಎಂಬ ದಾರಿಯಲ್ಲಿದೆ. ಈಗ ವಿದೇಶಿಯೊಬ್ಬ ಅಲ್ಲಿ ತಂಗುವ ಒಂದೊಂದು ರಾತ್ರಿಗೂ 100 ಡಾಲರ್ ಶುಲ್ಕ ಕೊಡಬೇಕು. 2022ರಲ್ಲಿ ಅದನ್ನು 200ಕ್ಕೆ ಏರಿಸಿದ್ದರು, ಜನ ಬಾರದೆ ಹೋಟೆಲುಗಳು ಖಾಲಿ ಹೊಡೆದಾಗ ಮರುವರ್ಷ ಅರ್ಧಕ್ಕೆ ಇಳಿಸಿದರು. ಭಾರತೀಯರಿಗೆ ರಾತ್ರಿಗೆ 1,200 ರೂಪಾಯಿ. ಇದು ದೇಶವೊಂದು ತನ್ನ ಕಾಡು, ಮಠಗಳನ್ನು ಕಾಯುವ ಉಪಾಯ, ಒಪ್ಪುತ್ತೇನೆ. ಆದರೆ ನಮಗೆ ಹೊಂದುವ ದಾರಿಯಲ್ಲ. ದುಡ್ಡಿನ ಬೇಲಿ ಹಾಕಿದರೆ ಮೊದಲು ಹೊರಗುಳಿಯುವವರು ರಿಟೈರಾದ ಮಾಸ್ತರು, ಶಾಲೆಯ ಹುಡುಗರು, ಸೋಮವಾರದ ದಿನ ಬುತ್ತಿ ಕಟ್ಟಿಕೊಂಡು ಗುಡಿಗೆ ಬರುವ ಹಳ್ಳಿಯ ಹೆಣ್ಣುಮಕ್ಕಳು. ಅಮೃತೇಶ್ವರ ಅವರೆಲ್ಲರ ದೇವರು.

ನೇಪಾಳದ ಅನ್ನಪೂರ್ಣ ಸೀಮೆಯ ಕಥೆ ನಮಗೆ ಹತ್ತಿರದ್ದು. ಅಲ್ಲಿ ಚಾರಣಿಗರು ಹೆಚ್ಚಿದಂತೆ ಅವರ ಅಡುಗೆಗೆ, ಸ್ನಾನದ ಬಿಸಿನೀರಿಗೆ ಕಾಡು ಕಡಿಯುವುದೂ ಹೆಚ್ಚಿತು. 1986ರಲ್ಲಿ ಶುರುವಾದ ಸಂರಕ್ಷಣಾ ಯೋಜನೆ ಊರಿನವರನ್ನು ಒಕ್ಕಲೆಬ್ಬಿಸಲಿಲ್ಲ, ಅವರ ಕೈಗೇ ಕೆಲಸ ಕೊಟ್ಟಿತು. ಪ್ರವೇಶ ಶುಲ್ಕದ ಹಣ ಅದೇ ಸೀಮೆಯ ಕಾಡಿಗೆ, ದಾರಿಗೆ, ಹಳ್ಳಿಗೆ. ವಸತಿಗೃಹ ನಡೆಸುವವರು ಸಮಿತಿ ಮಾಡಿಕೊಂಡು ಊಟದ ಪಟ್ಟಿ, ಬೆಲೆ ಎರಡನ್ನೂ ಕೂತು ಗೊತ್ತು ಮಾಡಿದರು. ಒಬ್ಬ ದರ ಇಳಿಸಿ ಇನ್ನೊಬ್ಬನ ಗಿರಾಕಿ ಕಸಿಯುವುದು ನಿಂತಿತು. ಸೌದೆಯ ಬದಲು ಸೀಮೆಎಣ್ಣೆ ಬಂತು, ಅಡುಗೆಯ ಮತ್ತು ಸ್ವಚ್ಛತೆಯ ತರಬೇತಿ ಸಿಕ್ಕಿತು. ಬಾಟಲಿ ನೀರಿನ ಬದಲು ಶುದ್ಧ ಮಾಡಿದ ನೀರನ್ನು ತುಂಬಿಸಿ ಕೊಡುವ ಕೇಂದ್ರಗಳು ಹುಟ್ಟಿದವು. ಎಲ್ಲ ಸರಿಹೋಯಿತೆಂದಲ್ಲ, ರಸ್ತೆ ಬಂದ ಮೇಲೆ ಅಲ್ಲಿಯೂ ಹೊಸ ತಲೆನೋವುಗಳಿವೆ. ಆದರೆ ಬೆಲೆ, ನೀರು, ಉರುವಲು, ಅಡುಗೆಮನೆ ಇವುಗಳಿಂದ ಅವರು ಹೊರಟರು. ಸುಸ್ಥಿರತೆಯೂ ಸೇವೆಯ ಗುಣಮಟ್ಟವೂ ಅಲ್ಲಿ ಒಂದೇ ಕೆಲಸವಾಗಿತ್ತು.

ಅಣ್ಣಿಗೇರಿಯಲ್ಲಿ ಅದೇ ಕೆಲಸ ಖಾನಾವಳಿಯಿಂದ ಶುರುವಾಗಬಹುದು. ತಟ್ಟಿದ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಲೆ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಇವುಗಳಲ್ಲಿ ಬಹುಪಾಲು ಈ ತಾಲ್ಲೂಕಿನ ಹೊಲದಲ್ಲೇ ಬೆಳೆದದ್ದು. ಹೊರಗಿನವರಿಗೆಂದು ಗೋಬಿ ಮಂಚೂರಿ ಮಾಡುವುದಕ್ಕಿಂತ ಇದನ್ನೇ ಚೊಕ್ಕಟವಾಗಿ, ಬೆಲೆ ಬರೆದ ಹಲಗೆಯ ಕೆಳಗೆ, ನೀಟಾಗಿ ಒರೆಸಿದ ಮೇಜಿನ ಮೇಲೆ ಬಡಿಸಿದರೆ ಸಾಕು. ಖಾರ ಎಷ್ಟಿರಲಿ ಎಂದು ಮೊದಲೇ ಒಂದು ಮಾತು ಕೇಳಬೇಕು. ಬಡಿಸುವ ಹುಡುಗನಿಗೆ ತಿಂಗಳು ತಿಂಗಳು ಸರಿಯಾದ ಪಗಾರ, ವಾರಕ್ಕೊಂದು ರಜೆ ಇರಬೇಕು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಬೆಳಗಿನ ಆರರಿಂದ ರಾತ್ರಿ ಹನ್ನೊಂದರ ತನಕ ನಿಂತ ಕಾಲಲ್ಲಿ ದುಡಿಯುವವನಿಂದ ನಗುಮುಖ ಕೇಳುವ ಹಕ್ಕು ನಮಗಿಲ್ಲ. ಮಲೆನಾಡಿನ ಎಷ್ಟೋ ರೆಸಾರ್ಟುಗಳು ಗೋಡೆಗೆ ಖರ್ಚು ಮಾಡಿ ಆಳಿಗೆ ಮಾಡಲಿಲ್ಲ. ಅದಕ್ಕೇ ಸೀಸನ್ನಿಗೊಮ್ಮೆ ಕೆಲಸಗಾರರು ಬದಲಾಗುತ್ತಾರೆ, ಕಲಿಸಿದ್ದೆಲ್ಲ ಅವರೊಂದಿಗೆ ಹೋಗುತ್ತದೆ.

ಎರಡನೆಯದು ಹೇಳಿಕೊಡುವವರು. ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನ ಸಂಸ್ಥೆಯಿದೆ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಶಾಸನಶಾಸ್ತ್ರ ಕಲಿಸುತ್ತಾರೆ. ಅಣ್ಣಿಗೇರಿ, ನವಲಗುಂದದ ಕಾಲೇಜುಗಳಲ್ಲಿ ಓದುವ ಹತ್ತು ಹುಡುಗ-ಹುಡುಗಿಯರನ್ನು ಆರಿಸಿ, ಅಲ್ಲಿನ ವಿದ್ವಾಂಸರ ಕೈಯಲ್ಲಿ ಒಂದು ಬೇಸಿಗೆ ಪಳಗಿಸಿದರೆ ಈ ಸುತ್ತಿಗೆಲ್ಲ ಸಾಕಾಗುವಷ್ಟು ಮಾರ್ಗದರ್ಶಕರು ಸಿಗುತ್ತಾರೆ. ಕಂಬ ಹೇಗೆ ಕಡೆದರು, ಶಾಸನದ ಮೊದಲ ಸಾಲು ಹೇಗೆ ಓದಬೇಕು, ಬೆಳ್ವೊಲ ಎಂದರೆ ಎಲ್ಲಿಂದ ಎಲ್ಲಿಗೆ ಎಂಬುದನ್ನು ಅವರು ಹೇಳಬೇಕು. ಶಾಲಾ ಮಕ್ಕಳಿಗೆ ಪುಕ್ಕಟೆ, ಉಳಿದವರಿಗೆ ಗೊತ್ತು ಮಾಡಿದ ದರ. ಡಿಸೆಂಬರ್, ಜನವರಿಯಲ್ಲಿ ನಮ್ಮ ಶಾಲೆಗಳ ಪ್ರವಾಸದ ಬಸ್ಸುಗಳು ರಾತ್ರಿಯಿಡೀ ಓಡಿ ಮೈಸೂರು, ಜೋಗಕ್ಕೆ ಹೋಗುತ್ತವೆ. ಹೋಗಲಿ, ಮಕ್ಕಳು ಜೋಗ ನೋಡಲಿ. ಆದರೆ ಪಂಪನ ತಾಯಿಯ ಊರಿನ ಮಕ್ಕಳಿಗೆ ಮೊದಲು ತಮ್ಮ ಊರನ್ನು ಒಂದು ಮಧ್ಯಾಹ್ನ ತೋರಿಸಲು ಖರ್ಚಾದರೂ ಎಷ್ಟು?

ನೋಡಲು ಬರೀ ಗುಡಿ ಇದೆಯೇ ಎಂದರೆ, ಇಲ್ಲ. ಚಳಿಗಾಲದಲ್ಲಿ ಶಿರಹಟ್ಟಿ ಬಳಿಯ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನೇ ದಾಟಿ ಬಂದು ಇಳಿಯುತ್ತವೆ. 2024ರಲ್ಲಿ ಅದು ರಾಮ್ಸರ್ ತಾಣವಾಯಿತು. ನವಲಗುಂದದಲ್ಲಿ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯುವ ಜಮಖಾನೆಗೆ ಭೌಗೋಳಿಕ ಗುರುತಿನ ಮನ್ನಣೆಯಿದೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗೆ ಅಹೋರಾತ್ರಿ ಸಂಗೀತ ನಡೆಯುತ್ತದೆ. ಎಳ್ಳಮಾಸಿಗೆ ಎರೆ ಹೊಲಗಳಲ್ಲಿ ಚರಗ ಚೆಲ್ಲುತ್ತಾರೆ. ಆದರೆ ಎಲ್ಲವನ್ನೂ ತೆರೆದಿಡಬೇಕಿಲ್ಲ. ಹಕ್ಕಿಗಳ ಹತ್ತಿರ ಡ್ರೋನ್ ಹಾರಿಸಲು ಬಿಡಬಾರದು. ಚರಗ ಮನೆಯವರ ಹಬ್ಬ, ಅವರು ಕರೆದರೆ ಮಾತ್ರ ಹೋಗಬೇಕು. 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ಅಗೆಯುವಾಗ ಸಾಲುಸಾಲಾಗಿ ನೂರಾರು ತಲೆಬುರುಡೆಗಳು ಸಿಕ್ಕಾಗ ನೋಡಲು ಜನ ಮುಗಿಬಿದ್ದಿದ್ದರು. ಅವು ಹಿಂದೆಂದೋ ಸತ್ತ ಮನುಷ್ಯರವು. ಅವನ್ನು ಟಿಕೆಟ್ ಇಟ್ಟು ತೋರಿಸುವ ಮಾತು ಯಾರ ಬಾಯಿಂದಲೂ ಬರಬಾರದು.

ಮಿತಿಯ ಪ್ರಶ್ನೆಯೂ ಇಲ್ಲೇ ಇದೆ. ಬೆಟ್ಟಕ್ಕೆ ದಾರಿಯ ಅಗಲ, ಮಣ್ಣಿನ ಸಡಿಲ ಮಿತಿಯಾದರೆ ನಮಗೆ ನೀರು. ಬಾವಿಯ ನೀರು ಸವುಳು, ಕುಡಿಯಲು ಮಲಪ್ರಭಾ ಕಾಲುವೆ ಬಿಟ್ಟಾಗ ಕೆರೆ ತುಂಬಿಸಿಕೊಳ್ಳಬೇಕಾದ ಸೀಮೆ ಇದು. ಈಜುಕೊಳದ ರೆಸಾರ್ಟಿಗೆ ಇಲ್ಲಿ ಜಾಗವಿಲ್ಲ, ಯಾರು ಬಂಡವಾಳ ತಂದರೂ ಬೇಡವೆನ್ನಬೇಕು. ಗುಡಿಯಿಂದ ಸಾಕಷ್ಟು ದೂರದ ಹಳೆಯ ಜಂತಿ ಮನೆಗಳಲ್ಲಿ, ಮನೆಯವರೇ ವಾಸವಿದ್ದು, ಒಂದೆರಡು ಕೋಣೆಗಳನ್ನು ತಂಗುವವರಿಗೆ ಕೊಡುವುದು ಸಾಧ್ಯ. ಮಳೆನೀರು ಹಿಡಿಯುವ ತೊಟ್ಟಿಯುಳ್ಳ ಮನೆಗೆ ಮೊದಲ ಪರವಾನಗಿ ಸಿಗಲಿ. ದಪ್ಪ ಮಣ್ಣಿನ ಗೋಡೆಯ ಆ ಮನೆಗಳು ಏಪ್ರಿಲ್‌ನಲ್ಲೂ ತಂಪಾಗಿರುತ್ತವೆ. ಅವನ್ನು ಕೆಡವಿ ಆರ್‌ಸಿಸಿ ಹಾಕಿಸುವ ಅವಸರಕ್ಕೂ ಇದು ತಡೆಯಾದೀತು.

ಈ ಹಿಂಗಾರಿಗೆ ಮೊದಲು ಪುರಸಭೆ ಒಂದು ಸಭೆ ಕರೆಯಲಿ. ಖಾನಾವಳಿಯವರು, ಆಟೋದವರು, ಗುಡಿಯ ಪೂಜಾರರು, ಪುರಾತತ್ವ ಇಲಾಖೆಯ ಸ್ಥಳೀಯ ಸಿಬ್ಬಂದಿ, ಕಾಲೇಜಿನ ಪ್ರಾಧ್ಯಾಪಕರು, ಕೋಣೆ ಕೊಡಲು ಮನಸ್ಸಿರುವ ಮನೆಗಳ ಹೆಣ್ಣುಮಕ್ಕಳು ಎಲ್ಲರೂ ಬರಲಿ. ಮೊದಲ ದಿನ ಮೂರೇ ತೀರ್ಮಾನ ಸಾಕು. ಗುಡಿಯ ಹಾದಿಯಲ್ಲಿ ನಿಷಿದ್ಧ ಗಡಿಯ ಹೊರಗೆ, ಹೆಣ್ಣುಮಕ್ಕಳ ಸ್ವಸಹಾಯ ಸಂಘವೊಂದು ಪಗಾರ ಪಡೆದು ನಡೆಸುವ ಶೌಚಾಲಯ ಮತ್ತು ಕುಡಿಯುವ ನೀರಿನ ಘಟಕ. ಎಲ್ಲ ಖಾನಾವಳಿಗಳಿಗೂ ಒಂದೇ ದರಪಟ್ಟಿ. ಮಾರ್ಗದರ್ಶಕರ ತರಬೇತಿಗೆ ಧಾರವಾಡಕ್ಕೆ ಕಳಿಸಬೇಕಾದ ಹತ್ತು ಹೆಸರು. ವರ್ಷದ ಕೊನೆಗೆ ಎಷ್ಟು ಜನ ಬಂದರು ಎಂಬುದರ ಪಕ್ಕದಲ್ಲೇ ಇನ್ನೆರಡು ಕಾಲಂ ಹಾಕಿ ಫಲಕಕ್ಕೆ ಅಂಟಿಸಲಿ: ಎಷ್ಟು ಮಂದಿ ಒಂದು ರಾತ್ರಿ ತಂಗಿದರು, ಅವರಿಂದ ಬಂದ ಹಣದಲ್ಲಿ ಎಷ್ಟು ಈ ಊರಿನವರ ಕೈ ಸೇರಿತು.