ಕಪ್ ಗೆದ್ದವರ ಹೆಸರೂ ಗೊತ್ತಿಲ್ಲದ ನಾವೆಂಥ ಅಭಿಮಾನಿಗಳು?



ಒಂದು ಪ್ರಶ್ನೆ. 2023ರ ಮಾರ್ಚ್ 4 ಯಾವ ದಿನ? ಗೊತ್ತಿಲ್ಲ ಅಲ್ಲವೇ? ಅಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಮ್ಮ ಹುಡುಗರು ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿ ಹಿಡಿದರು. ರಾಜ್ಯ ರಾಜ್ಯಗಳ ನಡುವಿನ ರಾಷ್ಟ್ರೀಯ ಫುಟ್‌ಬಾಲ್ ಪಟ್ಟ ಅದು. ಅದಕ್ಕೆ ಮುಂಚೆ ನಾವು ಗೆದ್ದದ್ದು 1968-69ರಲ್ಲಿ. ಆಗ ನಾಡಿನ ಹೆಸರು ಮೈಸೂರು. ‘ಕರ್ನಾಟಕ’ ಎಂಬ ಹೆಸರಿಗೆ ಬಂದ ಮೊದಲ ಸಂತೋಷ್ ಟ್ರೋಫಿ ಇದು!

ನನ್ನದು ಅಚ್ಚಿನ ಕಸುಬು. ಆ ತಿಂಗಳು ಐಪಿಎಲ್ ಹತ್ತಿರ ಬಂತೆಂದು ‘ಈ ಸಲ ಕಪ್ ನಮ್ದೇ’ ಪೋಸ್ಟರಿಗೆ ಹುಡುಗರು ನನ್ನ ಪ್ರೆಸ್ಸಿನ ಮುಂದೆ ನಿಂತಿದ್ದರು. ನಿಜವಾಗಿಯೂ ಬಂದ ಕಪ್ಪಿಗೆ ಒಬ್ಬನೂ ಒಂದು ಹಾಳೆ ಅಚ್ಚು ಹಾಕಿಸಲಿಲ್ಲ. ನಾನಾದರೂ ಹಾಕಿದೆನೇ? ಇಲ್ಲ. ಪತ್ರಿಕೆಯಲ್ಲಿ ಸುದ್ದಿ ಓದಿ ಮಡಚಿಟ್ಟವನು ನಾನೂ. ಈ ನಾಚಿಕೆಗೇಡಿನಲ್ಲಿ ನನಗೂ ಪಾಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಆ ಗೆಲುವು ಸುಮ್ಮನೆ ಬಂದದ್ದಲ್ಲ. ಹಿಂದಿನ ವರ್ಷ, 2022ರ ಏಪ್ರಿಲ್‌ನಲ್ಲಿ, ಮಂಜೇರಿಯ ಸೆಮಿಫೈನಲ್‌ನಲ್ಲಿ ಕೇರಳ ನಮ್ಮನ್ನು 7-3ರಿಂದ ಚಚ್ಚಿ ಹಾಕಿತ್ತು. ಏಳು ಗೋಲು! ಇಡೀ ಕ್ರೀಡಾಂಗಣ ಎದುರಾಳಿಗೆ ಜೈಕಾರ ಹಾಕುತ್ತಿತ್ತು. ಆ ಪೆಟ್ಟು ತಿಂದ ಮರುವರ್ಷವೇ ತಂಡ ಭುವನೇಶ್ವರದ ಸುತ್ತು ದಾಟಿತು, ಸೆಮಿಫೈನಲ್‌ನಲ್ಲಿ ಸರ್ವಿಸಸ್ ತಂಡವನ್ನು 3-1ರಿಂದ ಮಣಿಸಿತು. ಫೈನಲ್ ಮೊದಲರ್ಧದಲ್ಲಿ ಸುನಿಲ್ ಕುಮಾರ್, ಬೇಕಿ ಓರಂ, ರಾಬಿನ್ ಯಾದವ್ ತಲಾ ಒಂದು ಗೋಲು ಹೊಡೆದರು. ಈ ಮೂರು ಹೆಸರನ್ನು ಈಗಲಾದರೂ ಬಾಯಿಪಾಠ ಮಾಡಿ.

‘ಓರಂ, ಯಾದವ್, ಇವರೆಲ್ಲ ನಮ್ಮವರಾ ಸಾರ್?’ ಎಂದು ಒಬ್ಬ ನನ್ನನ್ನು ಕೇಳಿದ. ಎದೆಯ ಮೇಲೆ ಕರ್ನಾಟಕ ಎಂದು ಹೊತ್ತು ಕರ್ನಾಟಕಕ್ಕೆ ಗೋಲು ಹೊಡೆದವನು ನಮ್ಮವನಲ್ಲದೆ ಇನ್ಯಾರವನಪ್ಪಾ? ಮನೆಯಲ್ಲಿ ಕೂತು ಮೂಗು ಮುರಿಯುವ ನೀನು ನಾಡಿಗೆ ಏನು ಕೊಟ್ಟೆ?

‘ಪಂದ್ಯ ವಿದೇಶದಲ್ಲಿತ್ತಲ್ಲ’ ಎನ್ನುವುದು ಇನ್ನೊಂದು ನೆಪ. ನಿಜ, ಸೆಮಿಫೈನಲ್‌ನಿಂದಾಚೆಗೆ ಪಂದ್ಯಗಳನ್ನು ರಿಯಾದ್‌ಗೆ ಹೊತ್ತೊಯ್ದದ್ದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್. ಈ ಪಂದ್ಯಾವಳಿಯ ಫೈನಲ್ ದೇಶದ ಹೊರಗೆ ನಡೆದದ್ದು ಅದೇ ಮೊದಲು. ಮಂಜೇರಿಯಲ್ಲಿ ಜನ ಮುಗಿಬಿದ್ದು ನೋಡಿದ ಆಟವನ್ನು ಆಸ್ಟಿನ್ ಟೌನಿನ ಹುಡುಗನೂ ಶಿಲ್ಲಾಂಗ್‌ನ ಹುಡುಗನೂ ಕಾಣಲಾರದ ಕಡೆ ಒಯ್ದದ್ದು ಯಾವ ನ್ಯಾಯ? ಕೇಳಲೇಬೇಕು. ಆದರೆ ಕೇಳುವ ಬಾಯಿಗೆ ಯೋಗ್ಯತೆ ಬೇಡವೇ? ನಮ್ಮೂರಿನ ಮೈದಾನಕ್ಕೇ ಕಾಲಿಡದ ನಾವು ರಿಯಾದ್ ದೂರವಾಯಿತೆಂದು ಅಳುವುದೇ?

ಇನ್ನು ‘ಫುಟ್‌ಬಾಲ್ ನಮ್ಮ ಆಟವಲ್ಲ’ ಎನ್ನುವ ಮಹಾಶಯರಿಗೆ: 1946-47, 1952-53, 1967-68, 1968-69, ಹೀಗೆ ನಾಲ್ಕು ಸಲ ಈ ಟ್ರೋಫಿ ಮೈಸೂರಿನದಾಗಿತ್ತು. ಮೂರನೇ ಸ್ಥಾನಕ್ಕೆ ಕೊಡುತ್ತಿದ್ದ ಸಂಪಂಗಿ ಕಪ್ ನಮ್ಮ ಸಂಸ್ಥೆಯೇ ಇಲ್ಲಿನ ಆಟಗಾರ ಸಂಪಂಗಿಯ ನೆನಪಿಗೆ ಕೊಟ್ಟದ್ದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಬೆಂಗಳೂರಿನವರು. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಪೆಲೆಗೆ ಪ್ರತಿಮೆ ನಿಲ್ಲಿಸಿದ್ದಾರೆ, ಹೋಗಿ ನೋಡಿ. ಆಟ ನಮ್ಮದೇ. ಬೆನ್ನು ತಿರುಗಿಸಿದವರು ನಾವು.

ನವೆಂಬರ್‌ನಲ್ಲಿ ಬಾವುಟ ಕಟ್ಟಿ ಘೋಷಣೆ ಕೂಗಿದರೆ ಅಭಿಮಾನ ಮುಗಿಯಿತೇ? ನಾಡಿನ ಹೆಸರು ಹೊತ್ತು ಬೆವರು ಸುರಿಸುವವನ ಬೆನ್ನಿಗೆ ನಿಲ್ಲುವುದೂ ಕನ್ನಡದ ಕೆಲಸವೇ. ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಲೀಗ್ ಪಂದ್ಯವಿದ್ದ ಸಂಜೆ ಗೆಳೆಯರನ್ನು ಕಟ್ಟಿಕೊಂಡು ಹೋಗಿ, ಕನ್ನಡದಲ್ಲಿ ಕೂಗಿ ಹುರಿದುಂಬಿಸಿ.

ಕಡೆಯದಾಗಿ, ನನ್ನ ಕೈಲಾದದ್ದು. ನಿಮ್ಮ ಬಡಾವಣೆಯ ಫುಟ್‌ಬಾಲ್ ತಂಡದ ಪಂದ್ಯಕ್ಕೆ ಪೋಸ್ಟರ್ ಬೇಕೇ? ಕಾಗದ ತನ್ನಿ. ಅಚ್ಚಿನ ಕೂಲಿ ನನಗೆ ಬೇಡ. ಒಂದೇ ಷರತ್ತು: ಆಡುವ ಹನ್ನೊಂದು ಮಂದಿಯ ಹೆಸರೂ ಅದರಲ್ಲಿರಬೇಕು, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ!